ಯಾವ ಪದವಿ ಓದಿಸೋಣ?

(ಶಾಲೆಯ ಶತಮಾನೋತ್ಸವದ ಅಂಗವಾಗಿ ಜರಗಿದ ಹೆತ್ತವರ ಹಾಗೂ ಹಳೆವಿದ್ಯಾರ್ಥಿಗಳ ಸಮಾವೇಶದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ನಾನು ಈ ಶಾಲೆಯಲ್ಲಿ ಹತ್ತನೆಯ ತರಗತಿಯವರೆಗೆ ಕಲಿತವನು. ಮುಂದೆ ಮೂವತ್ತು ವರ್ಷ ಕಾಲೇಜಿನಲ್ಲಿ ಗಣಿತವನ್ನು ಕಲಿಸಿದವನು. ಪದವಿ ಶಿಕ್ಷಣದ ಆಯ್ಕೆಯ ಕುರಿತು ಮಾತನಾಡಬೇಕೆಂದು ಸಮಿತಿಯವರು ಕೇಳಿಕೊಂಡಾಗ ಮೊದಲಿಗೆ ಹಿಂಜರಿದೆ. ಶತಮಾನೋತ್ಸವದಲ್ಲಿ ಹಳೆಯ ಗುರುಗಳನ್ನು ಸ್ಮರಿಸುವುದು ಹಿತವಾದ ಕೆಲಸ. ಇದು ಅಷ್ಟು ಹಿತವಾದ ವಿಷಯವಲ್ಲ. ಆದರೆ ಅದೇ ವಾರ ಪರಿಚಯದ ತಂದೆಯೊಬ್ಬರು ದೂರವಾಣಿಯಲ್ಲಿ ಮಾತನಾಡಿದರು. "ಸರ್, ಮಗಳಿಗೆ ಹತ್ತರಲ್ಲಿ ಫುಲ್ ಎ ಪ್ಲಸ್ ಬಂದಿದೆ. ಪೇಟೆಯಲ್ಲಿ ಫ್ಲೆಕ್ಸ್ ಕೂಡ ಹಾಕಿದ್ದಾರೆ. ಇನ್ನು ಯಾವುದಕ್ಕೆ ಸೇರಿಸುವುದು?" ಎಂದರು. "ಮಗಳು ಏನು ಹೇಳುತ್ತಾಳೆ?" ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವಳನ್ನು ಕೇಳಿಲ್ಲ ಸರ್" ಎಂದರು. ಆ ತಂದೆಯನ್ನು ನಾನು ದೂರುವುದಿಲ್ಲ. ಅದೇ ತಪ್ಪನ್ನು ನಾನೂ ಒಮ್ಮೆ ಮಾಡಿದ್ದೇನೆ. ಅದನ್ನು ಮುಂದೆ ಹೇಳುತ್ತೇನೆ.

ನಮ್ಮ ಶಾಲೆ ಆರಂಭವಾದ ಕಾಲದಲ್ಲಿ ಇಂತಹ ಪ್ರಶ್ನೆಯೇ ಇರಲಿಲ್ಲ. ಕಾಸರಗೋಡು ಆಗ ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಕಾಲೇಜು ಎಂದರೆ ಮಂಗಳೂರು, ಅದರಾಚೆಗೆ ಮದರಾಸು. ಮಂಜೇಶ್ವರದ ಗೋವಿಂದ ಪೈಗಳು ಮದರಾಸಿನಲ್ಲಿ ಬಿ.ಎ. ಓದುತ್ತಿದ್ದಾಗ ತಂದೆಯ ಅನಾರೋಗ್ಯದಿಂದ ಊರಿಗೆ ಮರಳಬೇಕಾಗಿ ಪದವಿ ಪೂರ್ಣಗೊಳ್ಳಲಿಲ್ಲ. ಆದರೂ ಅವರು ಬಹುಭಾಷಾ ವಿದ್ವಾಂಸರಾದರು. 1949ರಲ್ಲಿ ಮದರಾಸು ಸರಕಾರ ಅವರನ್ನು ರಾಷ್ಟ್ರಕವಿಯೆಂದು ಗೌರವಿಸಿತು. ಹಾಗೆಂದು ಪದವಿಯೇ ಬೇಡ ಎಂಬ ತೀರ್ಮಾನಕ್ಕೆ ಯಾರೂ ಬರಬಾರದು. ಪೈಗಳ ಮನೆಯಲ್ಲಿ ದೊಡ್ಡ ಗ್ರಂಥಭಂಡಾರವಿತ್ತು, ಓದುವುದಕ್ಕೆ ಬಿಡುವಿತ್ತು. ದಿನಗೂಲಿಯ ಮನೆಯಿಂದ ಬರುವ ನಮ್ಮ ಮಕ್ಕಳಿಗೆ ಪದವಿಯೇ ಗ್ರಂಥಭಂಡಾರ, ಪದವಿಯೇ ಬಿಡುವು.

1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು. 1957ರಲ್ಲಿ ಕಾಸರಗೋಡಿನಲ್ಲಿ ಸರಕಾರಿ ಕಾಲೇಜು ಆರಂಭವಾಯಿತು. 1980ರಲ್ಲಿ ಮಂಜೇಶ್ವರದಲ್ಲಿ ಗೋವಿಂದ ಪೈಗಳ ಹೆಸರಿನ ಕಾಲೇಜು ಬಂತು. ಅದೇ ವರ್ಷ ಗಡಿಯಾಚೆ ಮಂಗಳೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ಮುಂದೆ ಪೊವ್ವಲ್‌ನಲ್ಲಿ ಎಂಜಿನಿಯರಿಂಗ್ ಕಾಲೇಜು, ಪಡನ್ನಕ್ಕಾಡಿನಲ್ಲಿ ಕೃಷಿ ಕಾಲೇಜು, 1996ರಲ್ಲಿ ಕಣ್ಣೂರು ವಿಶ್ವವಿದ್ಯಾನಿಲಯ, 2009ರಲ್ಲಿ ಕೇರಳ ಕೇಂದ್ರೀಯ ವಿಶ್ವವಿದ್ಯಾನಿಲಯ. ಒಂದು ಕಾಲೇಜು ಕೂಡ ಇಲ್ಲದ ತಾಲೂಕಿನಿಂದ, ಎರಡು ರಾಜ್ಯಗಳ ಕಾಲೇಜುಗಳ ನಡುವೆ ನಿಂತು ಯಾವುದು ಎಂದು ಕೇಳುವ ಸ್ಥಿತಿಗೆ ನಾವು ಬಂದಿದ್ದೇವೆ. ಇದು ಒಳ್ಳೆಯ ತೊಂದರೆ, ಆದರೂ ತೊಂದರೆಯೇ.

ನಾನು ಕಂಡಂತೆ, ನಮ್ಮ ಮನೆಗಳಲ್ಲಿ ಪದವಿಯನ್ನು ಹೆಚ್ಚಾಗಿ ಆರಿಸುವುದು ಮಗುವೂ ಅಲ್ಲ, ಹೆತ್ತವರೂ ಅಲ್ಲ. ಆರಿಸುವುದು ಭಯ. ಆ ಭಯಕ್ಕೆ ಎರಡು ಮುಖಗಳಿವೆ. "ನಾನು ಕನ್ನಡ ಮಾಧ್ಯಮದವನು, ಇಂಗ್ಲಿಷಿನಲ್ಲಿ ವಿಜ್ಞಾನ ಓದಲಾರೆ" ಎಂದುಕೊಂಡು, ಇಂಗ್ಲಿಷು ಕಡಿಮೆ ಬೇಕಾದೀತೆಂದು ತೋರುವ ಪದವಿಯನ್ನು ಹಿಡಿಯುವುದು ಒಂದು. "ಮಗನನ್ನು ಕನ್ನಡ ಶಾಲೆಗೆ ಕಳುಹಿಸಿ ತಪ್ಪು ಮಾಡಿದೆವೋ ಏನೋ, ಇನ್ನಾದರೂ ದೊಡ್ಡ ಹೆಸರಿನದಕ್ಕೆ ಸೇರಿಸೋಣ" ಎಂದು ಹೆತ್ತವರು ಸಾಲ ಮಾಡಿ ದೂರದ ಕಾಲೇಜಿಗೆ ಹೊರಡಿಸುವುದು ಇನ್ನೊಂದು. ಮೊದಲನೆಯದರಲ್ಲಿ ಮಗುವಿನ ಭಯ, ಎರಡನೆಯದರಲ್ಲಿ ಹೆತ್ತವರ ಭಯ. ಎರಡರಲ್ಲೂ ಮಗುವಿಗೆ ಏನು ಬರುತ್ತದೆ, ಯಾವುದರಲ್ಲಿ ಅದರ ಮನಸ್ಸು ನಿಲ್ಲುತ್ತದೆ ಎಂಬ ಪ್ರಶ್ನೆ ಹಿಂದೆ ಉಳಿಯುತ್ತದೆ.

ಮೊದಲನೆಯ ಭಯ ನನ್ನದೂ ಆಗಿತ್ತು. 1974ರಲ್ಲಿ ಪ್ರೀಡಿಗ್ರಿಗೆ ಸೇರಿದೆ. ಭೌತಶಾಸ್ತ್ರದ ಮೊದಲ ತರಗತಿಯಲ್ಲಿ ಒಂದು ಗಂಟೆ ಕುಳಿತು ಹೊರಬಂದಾಗ ಬೋರ್ಡಿನ ಮೇಲಿದ್ದ ಅಂಕಿಗಳ ಹೊರತು ಬೇರೇನೂ ಅರ್ಥವಾಗಿರಲಿಲ್ಲ. ಚರಿತ್ರೆಯ ವಿಭಾಗಕ್ಕೆ ಬದಲಾಯಿಸಿಕೊಳ್ಳಲು ಅರ್ಜಿ ಬರೆದೆ. ಚರಿತ್ರೆಯ ಮೇಲಿನ ಪ್ರೀತಿಯಿಂದ ಬರೆದ ಅರ್ಜಿ ಅದಾಗಿರಲಿಲ್ಲ. ಅದನ್ನು ಕೊಡುವ ಮೊದಲು ಈ ಶಾಲೆಗೆ ಬಂದು ನಮ್ಮ ವಿಜ್ಞಾನದ ಮಾಸ್ತರರನ್ನು ಕಂಡೆ. ಅವರು ಅರ್ಜಿಯನ್ನು ಓದಲಿಲ್ಲ. "ವೇಗೋತ್ಕರ್ಷ ಎಂದರೇನು, ಹೇಳು" ಎಂದರು. ಹೇಳಿದೆ. "ಹಾಗಾದರೆ ಆಕ್ಸಿಲರೇಶನ್ ನಿನಗೆ ಗೊತ್ತು. ಹೆಸರು ಮಾತ್ರ ಗೊತ್ತಿರಲಿಲ್ಲ" ಎಂದರು. ನೂರು ಪುಟದ ಪುಸ್ತಕವೊಂದನ್ನು ಕೊಟ್ಟು, ನಡುವೆ ಗೆರೆ ಎಳೆದು, ಎಡಗಡೆ ಕನ್ನಡದ ಪದ, ಬಲಗಡೆ ಇಂಗ್ಲಿಷಿನ ಪದ ಬರೆಯಲು ಹೇಳಿದರು. ಓಣಂ ರಜೆ ಮುಗಿಯುವಾಗ ಪುಸ್ತಕದಲ್ಲಿ ಸುಮಾರು ನಾನ್ನೂರು ಪದಗಳಿದ್ದವು. ತರಗತಿಯಲ್ಲಿ ನನಗೆ ಅಧ್ಯಾಪಕರ ಮಾತು ತಿಳಿಯುತ್ತಿತ್ತು.

ಇದನ್ನು ನಾನು ಹೆಮ್ಮೆಗಾಗಿ ಹೇಳುತ್ತಿಲ್ಲ. ಭಾಷೆ ಬದಲಾಗುವಾಗಿನ ಕಷ್ಟ ನಿಜವಾದುದು. ಅದು ಆರು ತಿಂಗಳು, ಕೆಲವರಿಗೆ ಒಂದು ವರ್ಷ ಇರುತ್ತದೆ. ಆದರೆ ಒಂದು ವರ್ಷದ ಕಷ್ಟಕ್ಕೆ ಹೆದರಿ ನಲವತ್ತು ವರ್ಷದ ಉದ್ಯೋಗವನ್ನು ನಿರ್ಧರಿಸುವುದು ಸರಿಯಲ್ಲ. ಇಂದಿನ ಮಕ್ಕಳಿಗೆ ಇನ್ನೊಂದು ಅನುಕೂಲವೂ ಇದೆ. ವೈದ್ಯಕೀಯ ಶಿಕ್ಷಣದ ನೀಟ್, ಎಂಜಿನಿಯರಿಂಗಿನ ಜೆಇಇ ಮೈನ್, ಕೇಂದ್ರೀಯ ವಿಶ್ವವಿದ್ಯಾನಿಲಯಗಳ ಸಿಯುಇಟಿ, ಈ ಮೂರು ಪ್ರವೇಶ ಪರೀಕ್ಷೆಗಳಿಗೂ ಕನ್ನಡದ ಪ್ರಶ್ನೆಪತ್ರಿಕೆಯನ್ನು ಆರಿಸಿಕೊಳ್ಳುವ ಅವಕಾಶವಿದೆ. ನೀಟ್ ವಿಷಯದಲ್ಲಿ ಒಂದು ಎಚ್ಚರ ಬೇಕು: ಕನ್ನಡದ ಪ್ರಶ್ನೆಪತ್ರಿಕೆ ದೊರೆಯುವುದು ಕರ್ನಾಟಕದ ಪರೀಕ್ಷಾ ಕೇಂದ್ರಗಳಲ್ಲಿ. ಅರ್ಜಿ ತುಂಬುವಾಗ ಕಾಸರಗೋಡಿನ ಬದಲು ಮಂಗಳೂರನ್ನು ಗುರುತಿಸಬೇಕೆಂಬುದು ತಿಳಿಯದಿದ್ದರೆ ಆ ಅವಕಾಶ ಕೈತಪ್ಪುತ್ತದೆ.

ಈಗ ಎರಡನೆಯ ಭಯದ ಮಾತು. ನನ್ನ ತಂಗಿಯ ಮಗಳು ಗಣಿತದಲ್ಲಿ ಬಹಳ ಚುರುಕು. ಅವಳಿಗೆ ವಾಣಿಜ್ಯ ವಿಭಾಗಕ್ಕೆ ಸೇರುವ ಆಸೆ. ತಂದೆಯ ಅಡಿಕೆ ವ್ಯಾಪಾರದ ಲೆಕ್ಕವನ್ನು ಎಂಟನೆಯ ತರಗತಿಯಿಂದಲೇ ಅವಳು ಬರೆಯುತ್ತಿದ್ದಳು. ಮನೆಯಲ್ಲಿ ನನ್ನ ಮಾತಿಗೆ ಬೆಲೆಯಿತ್ತು, ನಾನು ಕಾಲೇಜಿನವನಲ್ಲವೇ! "ಇಷ್ಟು ಅಂಕ ಇರುವವಳನ್ನು ಕಾಮರ್ಸಿಗೆ ಸೇರಿಸುವುದುಂಟೇ" ಎಂದು ವಿಜ್ಞಾನಕ್ಕೆ, ಅಲ್ಲಿಂದ ಎಂಜಿನಿಯರಿಂಗಿಗೆ ಸೇರಿಸಿದೆ. ನಾಲ್ಕು ವರ್ಷದ ಪದವಿ ಆರು ವರ್ಷವಾಯಿತು. ಯಂತ್ರಗಳಲ್ಲಿ ಅವಳ ಮನಸ್ಸು ಒಮ್ಮೆಯೂ ನಿಲ್ಲಲಿಲ್ಲ. ಇಪ್ಪತ್ತಾರನೆಯ ವಯಸ್ಸಿನಲ್ಲಿ ಅವಳು ಲೆಕ್ಕಪರಿಶೋಧನೆಯ ಓದನ್ನು ಮೊದಲಿನಿಂದ ಆರಂಭಿಸಿದಳು. ಇಂದು ಒಳ್ಳೆಯ ಚಾರ್ಟರ್ಡ್ ಅಕೌಂಟೆಂಟ್. ಅವಳು ಆ ಪರೀಕ್ಷೆಯಲ್ಲಿ ತೇರ್ಗಡೆಯಾದ ದಿನ ನಾನು ಅಭಿನಂದಿಸಲು ಹೋದೆ. "ಮಾವ, ನೀವು ಆಗ ನನ್ನ ಮಾರ್ಕಿನ ಪಟ್ಟಿ ನೋಡಿದಿರಿ. ನಾನು ಬರೆಯುತ್ತಿದ್ದ ಲೆಕ್ಕದ ಪುಸ್ತಕ ನೋಡಲಿಲ್ಲ" ಎಂದಳು. ಕೋಪದಿಂದ ಹೇಳಿದ ಮಾತಲ್ಲ. ಆದರೂ ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ, ಇಂದಿಗೂ ಇಲ್ಲ.

ಅಂದಿನಿಂದ ಸಲಹೆ ಕೇಳಿ ಬಂದವರಲ್ಲಿ ನಾನು ಮೂರು ಪ್ರಶ್ನೆಗಳನ್ನು ಕೇಳುತ್ತೇನೆ. ಈ ಪದವಿಯ ದಿನಚರಿ ಏನು? ಅದರ ಬಾಗಿಲು ಎಲ್ಲಿಗೆ ತೆರೆಯುತ್ತದೆ? ಅದಕ್ಕೆ ಮನೆ ಎಷ್ಟು ತೆರಬೇಕು? ಒಂದೊಂದಾಗಿ ವಿವರಿಸುತ್ತೇನೆ.

ಪದವಿಯ ಹೆಸರಿಗಿಂತ ಅದರ ದಿನಚರಿ ಮುಖ್ಯ. ಮನಶ್ಶಾಸ್ತ್ರವೆಂದರೆ ಜನರ ಮನಸ್ಸನ್ನು ಅರಿಯುವ ವಿದ್ಯೆಯೆಂದು ಆಸೆಪಟ್ಟು ಸೇರುತ್ತಾರೆ. ಅಲ್ಲಿ ಸಂಖ್ಯಾಶಾಸ್ತ್ರವಿದೆಯೆಂದು ಸೇರಿದ ಮೇಲೆ ತಿಳಿಯುತ್ತದೆ. ಅರ್ಥಶಾಸ್ತ್ರದಲ್ಲಿ ಮುಂದೆ ಹೋದಂತೆ ಗಣಿತ ಹೆಚ್ಚುತ್ತದೆ. ಗಣಕವಿಜ್ಞಾನದಲ್ಲಿ ಪರದೆಯ ಮುಂದೆ ಒಂದು ಸಣ್ಣ ತಪ್ಪನ್ನು ಹುಡುಕುತ್ತಾ ಮೂರು ಗಂಟೆ ಕುಳಿತಿರುವ ತಾಳ್ಮೆ ಬೇಕು. ನರ್ಸಿಂಗ್ ಎಂದರೆ ವಿದೇಶದ ಸಂಬಳವಷ್ಟೇ ಅಲ್ಲ. ರಾತ್ರಿಯ ಪಾಳಿ, ರೋಗಿಯ ಮೈ ಒರೆಸುವ ಕೆಲಸ, ಸಾವನ್ನು ಹತ್ತಿರದಿಂದ ಕಾಣುವ ದಿನಗಳು. ಕಾನೂನಿನ ಓದಿನಲ್ಲಿ ವಾದಿಸುವುದಕ್ಕಿಂತ ಹೆಚ್ಚು ಓದುವುದೇ ಇದೆ. ತಾಳಮದ್ದಳೆಯಲ್ಲಿ ಅರ್ಥ ಹೇಳುವವರನ್ನು ನೀವೆಲ್ಲ ಕೇಳಿದ್ದೀರಿ. ಕೇಳುವವರಿಗೆ ಕಾಣುವುದು ಎರಡು ಗಂಟೆಯ ಮಾತು; ಅದರ ಹಿಂದೆ ಪುರಾಣಗಳ ಎಷ್ಟು ವರ್ಷದ ಓದಿದೆಯೆಂದು ಅರ್ಥಧಾರಿಗೆ ಮಾತ್ರ ಗೊತ್ತು. ಪದವಿಗಳೂ ಹಾಗೆಯೇ.

ಇದನ್ನು ತಿಳಿಯುವುದು ಕಷ್ಟವಲ್ಲ. ವಿಶ್ವವಿದ್ಯಾನಿಲಯಗಳು ತಮ್ಮ ಪಠ್ಯಕ್ರಮವನ್ನು ಜಾಲತಾಣದಲ್ಲಿ ಪ್ರಕಟಿಸುತ್ತವೆ. ಮೊದಲ ವರ್ಷದ ಒಂದು ಪುಸ್ತಕವನ್ನು ತಂದು ಮಗು ಎರಡು ಅಧ್ಯಾಯ ಓದಲಿ. ಪೂರ್ತಿ ಅರ್ಥವಾಗಬೇಕೆಂದಿಲ್ಲ; ಅರ್ಥವಾಗದ ಕಡೆಯಲ್ಲಿ ಇನ್ನೊಮ್ಮೆ ಓದೋಣ ಎನಿಸುತ್ತದೆಯೇ, ಪುಸ್ತಕ ಮುಚ್ಚೋಣ ಎನಿಸುತ್ತದೆಯೇ ಎಂಬುದನ್ನು ಗಮನಿಸಬೇಕು. ಆ ಪದವಿಯ ಎರಡನೆಯ ವರ್ಷದಲ್ಲಿರುವ ಒಬ್ಬ ವಿದ್ಯಾರ್ಥಿಯೊಡನೆ ಮಾತನಾಡಲಿ. ಪ್ರವೇಶದ ಮೇಳದಲ್ಲಿ ಕುಳಿತವರು ಹೇಳದ ಸಂಗತಿಗಳನ್ನು ಅವನು ಹೇಳುತ್ತಾನೆ.

ಈ ಆಯ್ಕೆ ಪದವಿಯ ಹೊಸ್ತಿಲಲ್ಲಿ ಆರಂಭವಾಗುವುದಿಲ್ಲ, ಹತ್ತನೆಯ ತರಗತಿ ಮುಗಿದಾಗಲೇ ಆರಂಭವಾಗುತ್ತದೆ ಎಂಬುದನ್ನೂ ನೆನಪಿಡಬೇಕು. ಪ್ಲಸ್ ವನ್ ಪ್ರವೇಶದ ಅರ್ಜಿಯಲ್ಲಿ ಗಣಿತವನ್ನು ಬಿಟ್ಟ ಮಗುವಿಗೆ ಎಂಜಿನಿಯರಿಂಗಿನ ಬಾಗಿಲು ಬಹುತೇಕ ಮುಚ್ಚುತ್ತದೆ. ಜೀವಶಾಸ್ತ್ರವನ್ನು ಬಿಟ್ಟವರಿಗೆ ವೈದ್ಯಕೀಯದ ಬಾಗಿಲು. ಆದರೆ ಮುಚ್ಚದ ಬಾಗಿಲುಗಳೂ ಅನೇಕ ಇವೆ. ಕಾನೂನು, ಸಮೂಹ ಮಾಧ್ಯಮ, ಸಮಾಜಕಾರ್ಯ, ಭಾಷಾ ಸಾಹಿತ್ಯ, ನಾಗರಿಕ ಸೇವಾ ಪರೀಕ್ಷೆಗಳಿಗೆ ಯಾವ ವಿಭಾಗದಿಂದಲೂ ಹೋಗಬಹುದು. ಚಾರ್ಟರ್ಡ್ ಅಕೌಂಟೆನ್ಸಿಯ ಮೊದಲ ಹಂತಕ್ಕೆ ಪ್ಲಸ್ ಟು ಸಾಕು, ಪದವಿಗೆ ಕಾಯಬೇಕಾಗಿಲ್ಲ. ಮಾನವಿಕ ವಿಭಾಗವೆಂದರೆ ಅಂಕ ಸಾಲದವರ ಜಾಗ ಎಂಬ ಮಾತನ್ನು ದಯವಿಟ್ಟು ಮನೆಯಲ್ಲಿ ಆಡಬೇಡಿ.

ಎರಡನೆಯ ಪ್ರಶ್ನೆ, ಬಾಗಿಲು ಎಲ್ಲಿಗೆ ತೆರೆಯುತ್ತದೆ ಎಂಬುದು. ಗಡಿನಾಡಿನವರಾದ ನಾವು ಇದನ್ನು ಬೇರೆಯವರಿಗಿಂತ ಹೆಚ್ಚು ಎಚ್ಚರದಿಂದ ಕೇಳಬೇಕು. ನಮ್ಮ ಮನೆಯ ಮುಂಬಾಗಿಲು ಕೇರಳಕ್ಕೆ, ಹಿತ್ತಲ ಬಾಗಿಲು ಕರ್ನಾಟಕಕ್ಕೆ. ಒಂದೇ ಪದವಿಗೆ ಎರಡು ಕಡೆ ಎರಡು ದಾರಿ. ಕೃಷಿ ಪದವಿಯನ್ನೇ ನೋಡಿ. ಕೇರಳದಲ್ಲಿ ಅದರ ಪ್ರವೇಶಕ್ಕೆ ನೀಟ್ ಪರೀಕ್ಷೆ ಬರೆದಿರಬೇಕು, ಕರ್ನಾಟಕದಲ್ಲಿ ಸಿಇಟಿ. ವೈದ್ಯರಾಗುವ ಇಚ್ಛೆಯಿಲ್ಲವೆಂದು ನೀಟ್ ಬರೆಯದ ರೈತನ ಮಗ, ಪಡನ್ನಕ್ಕಾಡಿನ ಕೃಷಿ ಕಾಲೇಜು ತನ್ನ ಜಿಲ್ಲೆಯಲ್ಲೇ ಇದ್ದರೂ ಅಲ್ಲಿಗೆ ಸೇರಲಾರದೆ ಹೋಗುತ್ತಾನೆ. ಕಾಸರಗೋಡಿನಲ್ಲಿ 1916ರಲ್ಲೇ ತೆಂಗಿನ ಸಂಶೋಧನಾ ಕೇಂದ್ರ ಆರಂಭವಾಯಿತು. ಅದೇ 1970ರಲ್ಲಿ ಕೇಂದ್ರ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯಾಯಿತು. ತೆಂಗು, ಅಡಿಕೆ, ಕೊಕ್ಕೋ ಬೆಳೆಗಳ ಬಗ್ಗೆ ದೇಶಕ್ಕೆ ತಿಳಿಹೇಳುವ ಸಂಸ್ಥೆ ನಮ್ಮ ಬಸ್ಸಿನ ದಾರಿಯಲ್ಲೇ ಇದೆ. ಕೊಳೆರೋಗಕ್ಕೆ ಮದ್ದು ಬಿಡುವುದನ್ನು ಬಾಲ್ಯದಿಂದ ಕಂಡ ಮಗುವಿಗೆ ಅಲ್ಲಿ ವಿಜ್ಞಾನಿಯಾಗಲು ಏನು ಓದಬೇಕೆಂದು ಹೇಳಿದವರು ಎಷ್ಟು ಮಂದಿ?

ಕರ್ನಾಟಕದ ಸಿಇಟಿಯಲ್ಲಿ ಗಡಿನಾಡ ಕನ್ನಡಿಗರಿಗೆಂದೇ ಒಂದು ಅರ್ಹತಾ ನಿಯಮವಿದೆ. ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕುಗಳೂ ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ ತಾಲೂಕುಗಳೂ ಅದರಲ್ಲಿ ಬರುತ್ತವೆ. ಕನ್ನಡ, ತುಳು ಅಥವಾ ಕೊಡವ ಮಾತೃಭಾಷೆಯವರಾಗಿರಬೇಕು. ಕನ್ನಡ ಭಾಷಾ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ವಾಸ ಮತ್ತು ವ್ಯಾಸಂಗದ ದಾಖಲೆ ಒದಗಿಸಬೇಕು. ಷರತ್ತುಗಳ ವಿವರವನ್ನು ಆಯಾ ವರ್ಷದ ಕೈಪಿಡಿಯಲ್ಲೇ ಓದಿಕೊಳ್ಳಿ, ಯಾರೋ ಹೇಳಿದರೆಂದು ನಂಬಬೇಡಿ. ಈ ಶಾಲೆಯಲ್ಲಿ ಕಲಿತ ಕನ್ನಡ ಅಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಆದರೆ ಒಂದು ರಾಜ್ಯದ ಹಿಂದುಳಿದ ವರ್ಗದ ಮೀಸಲಾತಿ ಇನ್ನೊಂದು ರಾಜ್ಯದಲ್ಲಿ ಹಾಗೆಯೇ ದೊರೆಯುವುದಿಲ್ಲ. ಅಂಕ ಮತ್ತು ಮೀಸಲಾತಿ ಎರಡನ್ನೂ ಲೆಕ್ಕಹಾಕಿ ಯಾವ ಬದಿ ಅನುಕೂಲವೆಂದು ನೋಡಬೇಕು.

ಪದವಿಯ ಅವಧಿಯಲ್ಲೂ ವ್ಯತ್ಯಾಸವಿದೆ. ಕೇರಳದಲ್ಲಿ 2024ರಿಂದ ನಾಲ್ಕು ವರ್ಷದ ಪದವಿ ಕ್ರಮ ಜಾರಿಗೆ ಬಂದಿದೆ. ಮೂರು ವರ್ಷಕ್ಕೆ ಪದವಿ ಪಡೆದು ಹೊರಬರಬಹುದು, ನಾಲ್ಕನೆಯ ವರ್ಷ ಓದಿದರೆ ಆನರ್ಸ್. ಕರ್ನಾಟಕ 2021ರಲ್ಲಿ ನಾಲ್ಕು ವರ್ಷದ ಕ್ರಮವನ್ನು ತಂದು, 2024ರಲ್ಲಿ ಮೂರು ವರ್ಷಕ್ಕೆ ಮರಳಿತು. ಮುಂದೆ ಸ್ನಾತಕೋತ್ತರ ಅಧ್ಯಯನವೋ ಸಂಶೋಧನೆಯೋ ಮನಸ್ಸಿನಲ್ಲಿದ್ದರೆ ಈ ಲೆಕ್ಕ ಮೊದಲೇ ತಿಳಿದಿರಬೇಕು.

ಗಡಿ ದಾಟಿ ಓದಿದವರು ಮರಳಿ ಬರುವಾಗಿನ ಒಂದು ಅನುಭವವನ್ನು ಹೇಳಬೇಕು. ನನ್ನ ವಿದ್ಯಾರ್ಥಿನಿಯೊಬ್ಬಳು ಇದೇ ಶಾಲೆಯಲ್ಲಿ ಕಲಿತು, ಗಡಿಯಾಚೆ ಗಣಿತದ ಪದವಿಯನ್ನೂ ಬಿ.ಎಡ್. ಪದವಿಯನ್ನೂ ಒಳ್ಳೆಯ ಅಂಕಗಳಿಂದ ಪಡೆದಳು. ಇಲ್ಲಿ ಕನ್ನಡ ಮಾಧ್ಯಮದ ಗಣಿತ ಅಧ್ಯಾಪಕರ ಹುದ್ದೆಗೆ ಅರ್ಜಿ ಕರೆದರು. ಹೊರರಾಜ್ಯದ ಪದವಿಗೆ ಸಮಾನತಾ ಪ್ರಮಾಣಪತ್ರ ಬೇಕೆಂಬುದು ಅವಳಿಗೆ ತಿಳಿದದ್ದು ಅಧಿಸೂಚನೆ ಓದಿದ ಮೇಲೆ. ಅರ್ಜಿ ಕೊಟ್ಟು, ಕಚೇರಿಗೆ ಮೂರು ಬಾರಿ ಅಲೆದರೂ ಕಾಗದ ಕೈಸೇರುವಾಗ ದಿನ ದಾಟಿತ್ತು. ಮತ್ತೊಮ್ಮೆ ಅರ್ಜಿ ಕರೆಯುವವರೆಗೆ ಅವಳು ಟ್ಯೂಷನ್ ಹೇಳಿಕೊಂಡು ಕಾದಳು. ಹೊರಗೆ ಓದಬೇಡಿ ಎಂದು ನಾನು ಹೇಳುತ್ತಿಲ್ಲ. ಸೇರುವ ಮೊದಲೇ ಈ ಪದವಿ, ಈ ವಿಷಯಗಳ ಜೋಡಣೆ ನಮ್ಮ ರಾಜ್ಯದಲ್ಲಿ ಮಾನ್ಯವೇ ಎಂದು ಕೇಳಿ. ಪದವಿ ಕೈಸೇರಿದ ತಿಂಗಳಲ್ಲೇ ಸಮಾನತೆಗೆ ಅರ್ಜಿ ಕೊಡಿ, ಹುದ್ದೆ ಕರೆಯಲಿ ಎಂದು ಕಾಯಬೇಡಿ. ಮಾನ್ಯತೆಯನ್ನು ನೋಡುವಾಗ ಕಾಲೇಜಿನ ಬಣ್ಣದ ಪುಸ್ತಿಕೆ ಸಾಲದು. ವಿಶ್ವವಿದ್ಯಾನಿಲಯಕ್ಕೆ ಯುಜಿಸಿ, ಬಿ.ಎಡ್.ಗೆ ಎನ್‌ಸಿಟಿಇ, ಕಾನೂನಿಗೆ ಬಾರ್ ಕೌನ್ಸಿಲ್, ನರ್ಸಿಂಗಿಗೆ ನರ್ಸಿಂಗ್ ಕೌನ್ಸಿಲ್. ಇವುಗಳ ಪಟ್ಟಿಯನ್ನೇ ನೋಡಬೇಕು.

ಮೂರನೆಯದು ಹಣದ ಪ್ರಶ್ನೆ. ಇದನ್ನು ಮಕ್ಕಳ ಮುಂದೆ ಆಡಬಾರದೆಂದು ಹಲವರು ತಿಳಿದಿದ್ದಾರೆ. ಆಡಬೇಕು. ಒಂದು ಉದಾಹರಣೆ ಕೊಡುತ್ತೇನೆ. ನಾಲ್ಕು ವರ್ಷದ ಪದವಿಗೆ ವರ್ಷಕ್ಕೆ ಒಂದು ಲಕ್ಷದಂತೆ ನಾಲ್ಕು ಲಕ್ಷ ರೂಪಾಯಿ ಸಾಲ ತೆಗೆದಿರೆಂದಿಟ್ಟುಕೊಳ್ಳಿ; ಬಡ್ಡಿ ಶೇಕಡಾ 10. ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಾಗಿಲ್ಲ, ಆದರೆ ಬಡ್ಡಿ ನಿಲ್ಲುವುದಿಲ್ಲ. ಸರಳ ಬಡ್ಡಿಯ ಲೆಕ್ಕದಲ್ಲೂ ಆ ಹೊತ್ತಿಗೆ 1 ಲಕ್ಷದ 40 ಸಾವಿರ ಬಡ್ಡಿ ಸೇರಿ ಸಾಲ 5 ಲಕ್ಷದ 40 ಸಾವಿರವಾಗಿರುತ್ತದೆ. ಅದನ್ನು ಹತ್ತು ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 7,100 ರೂಪಾಯಿ ಕಟ್ಟಬೇಕು. ಇಪ್ಪತ್ತಮೂರರ ಹುಡುಗನ ಮೊದಲ ಸಂಬಳದಲ್ಲಿ ಬಾಡಿಗೆ, ಊಟ ಕಳೆದು ಇದು ಉಳಿಯುತ್ತದೆಯೇ? ಉಳಿಯುವ ಪದವಿಗಳಿವೆ, ಅಂತಹವುಗಳಿಗೆ ಧೈರ್ಯವಾಗಿ ಸಾಲ ಮಾಡಬಹುದು. ಏಳೂವರೆ ಲಕ್ಷದವರೆಗೆ ಆಸ್ತಿಯ ಅಡಮಾನವಿಲ್ಲದೆ ಬ್ಯಾಂಕುಗಳು ಶಿಕ್ಷಣ ಸಾಲ ಕೊಡುವ ವ್ಯವಸ್ಥೆಯೂ ಇದೆ. ಆದರೆ ಹತ್ತಿರದ ಸರಕಾರಿ ಕಾಲೇಜಿನಲ್ಲಿ ಅಲ್ಪ ಶುಲ್ಕಕ್ಕೆ ದೊರೆಯುವ ಅದೇ ಪದವಿಯನ್ನು, ಹೆಸರಿನ ಆಸೆಯಿಂದ ದೂರದಲ್ಲಿ ಸಾಲ ಮಾಡಿ ಓದಿಸುವ ಮುನ್ನ ಕಾಗದ, ಪೆನ್ನು ಹಿಡಿದು ಕುಳಿತುಕೊಳ್ಳಿ. ಮಗುವೂ ಜೊತೆಯಲ್ಲಿ ಕುಳಿತಿರಲಿ. ಮೂಲ ಅಂಕಪಟ್ಟಿಗಳನ್ನು ಕಾಲೇಜು ತನ್ನಲ್ಲೇ ಇಟ್ಟುಕೊಳ್ಳುವಂತಿಲ್ಲವೆಂದು ಯುಜಿಸಿ 2018ರಲ್ಲೇ ತಿಳಿಸಿದೆ, ಅದನ್ನೂ ನೆನಪಿನಲ್ಲಿಡಿ.

ಇನ್ನು ಕೊನೆಯ ಮಾತು. ಇದು ಈ ಶಾಲೆಗೆ ಸಂಬಂಧಿಸಿದ್ದು, ಹೇಳಲು ಸ್ವಲ್ಪ ಸಂಕೋಚವೂ ಇದೆ.

ಕನ್ನಡ ಬಾರದ ಅಧ್ಯಾಪಕರು ಕನ್ನಡ ಮಾಧ್ಯಮದ ತರಗತಿಗೆ ನೇಮಕಗೊಂಡು ಬಂದಾಗ ಮಕ್ಕಳು, ಹೆತ್ತವರು ಪ್ರತಿಭಟಿಸಿದ ಸಂಗತಿ ನಿಮಗೆಲ್ಲ ತಿಳಿದದ್ದೇ. ಪ್ರತಿಭಟನೆ ನ್ಯಾಯವಾದದ್ದು. ಆದರೆ ಅದರ ಜೊತೆಗೆ ನಮ್ಮನ್ನೂ ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಗಣಿತವನ್ನೂ ಭೌತಶಾಸ್ತ್ರವನ್ನೂ ಕನ್ನಡದಲ್ಲಿ ಕಲಿಸಬಲ್ಲ ಅರ್ಹರನ್ನು ನಾವು ಎಷ್ಟು ಮಂದಿಯನ್ನು ತಯಾರು ಮಾಡಿದ್ದೇವೆ? ಕನ್ನಡ ಮಾಧ್ಯಮದ ಪ್ರಾಥಮಿಕ ಮತ್ತು ಪ್ರೌಢಶಾಲೆಗಳಿಗೆಂದೇ ಕೇರಳದ ಲೋಕಸೇವಾ ಆಯೋಗ ಪ್ರತ್ಯೇಕವಾಗಿ ಹುದ್ದೆಗಳನ್ನು ಕರೆಯುತ್ತದೆ. ಪ್ರೌಢಶಾಲೆಗೆ ಆಯಾ ವಿಷಯದ ಪದವಿ, ಬಿ.ಎಡ್., ಕೆ-ಟೆಟ್ ಬೇಕು. ಜೊತೆಗೆ ಅಧಿಸೂಚನೆಯಲ್ಲಿ ಕೇಳುವ ಕನ್ನಡದ ಅರ್ಹತೆ. ಪ್ಲಸ್ ಟು ಮುಗಿಸಿ ನೇರವಾಗಿ ಪದವಿ ಮತ್ತು ಬಿ.ಎಡ್. ಎರಡನ್ನೂ ನಾಲ್ಕು ವರ್ಷದಲ್ಲಿ ಮುಗಿಸುವ ಸಂಯೋಜಿತ ಶಿಕ್ಷಣವೂ ಈಗ ಬಂದಿದೆ. ಪೆರಿಯದ ಕೇಂದ್ರೀಯ ವಿಶ್ವವಿದ್ಯಾನಿಲಯದಲ್ಲೇ ಅದಿದೆ. ಹತ್ತು ವರ್ಷ ಕನ್ನಡದಲ್ಲಿ ಗಣಿತ ಕಲಿತು, ಆಮೇಲೆ ಐದು ವರ್ಷ ಇಂಗ್ಲಿಷಿನಲ್ಲಿ ಗಣಿತ ಓದಿದವರ ಹೊರತು ಈ ಕೆಲಸಕ್ಕೆ ಇನ್ಯಾರು ಸಮರ್ಥರು? ಹೊರಗಿನವರು ಎಷ್ಟೇ ಪಂಡಿತರಾಗಿರಲಿ, ವೇಗೋತ್ಕರ್ಷ ಎಂಬ ಪದದಿಂದ ಆಕ್ಸಿಲರೇಶನ್ ಎಂಬ ಪದಕ್ಕೆ ಮಗುವನ್ನು ಕೈಹಿಡಿದು ದಾಟಿಸಲು ಆ ದಾರಿಯನ್ನು ನಡೆದವರೇ ಬೇಕು.

ಹಾಗೆಂದು ಶಾಲೆಯನ್ನು ಉಳಿಸುವುದಕ್ಕಾಗಿ ಯಾವ ಮಗುವೂ ಅಧ್ಯಾಪಕ ವೃತ್ತಿಯನ್ನು ಆರಿಸಬಾರದು. ಅದು ಇನ್ನೊಂದು ಬಗೆಯ ಒತ್ತಾಯ. ನನ್ನ ಸೊಸೆಗೆ ನಾನು ಮಾಡಿದ ಅನ್ಯಾಯವನ್ನು ನಾಡುನುಡಿಯ ಹೆಸರಿನಲ್ಲಿ ಮತ್ತೆ ಮಾಡಿದಂತೆ. ಮನಸ್ಸಿಲ್ಲದೆ ಬಂದ ಅಧ್ಯಾಪಕರಿಂದ ಶಾಲೆ ಉಳಿಯುವುದೂ ಇಲ್ಲ. ನಾನು ಕೇಳುವುದು ಇಷ್ಟೇ: ಕಲಿಸುವುದರಲ್ಲಿ ಸಂತೋಷ ಕಾಣುವ ಮಗು ಪ್ರತಿ ತರಗತಿಯಲ್ಲೂ ಒಂದೆರಡು ಇರುತ್ತದೆ. ಮಧ್ಯಾಹ್ನದ ವಿರಾಮದಲ್ಲಿ ಪಕ್ಕದವನಿಗೆ ಲೆಕ್ಕ ಬಿಡಿಸಿಕೊಡುವ ಮಗು ಅದು. ಅದು ಅಧ್ಯಾಪಕನಾಗುತ್ತೇನೆ ಎಂದಾಗ "ಇಷ್ಟು ಓದಿ ಮಾಸ್ತರನಾಗುವುದೇ" ಎಂದು ನಾವು ಅದರ ಬಾಯಿ ಮುಚ್ಚಿಸದಿರೋಣ. ಅಧ್ಯಾಪಕ ಬಂಧುಗಳಲ್ಲೂ ಒಂದು ವಿನಂತಿ: ಅಂತಹ ಮಗುವನ್ನು ಮೊದಲು ಕಾಣುವವರು ನೀವು. ಅದರ ಹೆತ್ತವರಿಗೆ ಆ ಮಾತನ್ನು ನೀವೇ ತಿಳಿಸಬೇಕು.

ಹಳೆವಿದ್ಯಾರ್ಥಿಗಳಲ್ಲಿ ನನ್ನದೊಂದು ಬೇಡಿಕೆ. ಶತಮಾನೋತ್ಸವಕ್ಕೆ ನೀವು ಕಟ್ಟಡಕ್ಕೆ ಕೊಟ್ಟಿದ್ದೀರಿ, ರಂಗಮಂಟಪಕ್ಕೆ ಕೊಟ್ಟಿದ್ದೀರಿ. ಇನ್ನು ವರ್ಷಕ್ಕೆ ಒಂದು ದಿನ ಕೊಡಿ. ಶಾಲೆಯ ಗ್ರಂಥಾಲಯದಲ್ಲಿ ಒಂದು ದಪ್ಪ ಪುಸ್ತಕವನ್ನು ಇರಿಸೋಣ. ಅದರಲ್ಲಿ ಪ್ರತಿಯೊಬ್ಬರೂ ಒಂದು ಪುಟ ಬರೆಯಲಿ: ನಾನು ಓದಿದ ಪದವಿ, ಸೇರಿದ ದಾರಿ, ತಗಲಿದ ಖರ್ಚು, ಮೊದಲ ವರ್ಷದ ಕಷ್ಟ, ಈಗ ಮಾಡುತ್ತಿರುವ ಕೆಲಸ, ಮತ್ತೊಮ್ಮೆ ಆರಿಸುವುದಾದರೆ ಏನನ್ನು ಆರಿಸುತ್ತಿದ್ದೆ. ಸೋತವರೂ ಬರೆಯಬೇಕು, ಅವರ ಪುಟವೇ ಮಕ್ಕಳಿಗೆ ಹೆಚ್ಚು ಉಪಯೋಗಕ್ಕೆ ಬರಬಹುದು. ಒಂಬತ್ತನೆಯ ತರಗತಿಯ ಮಕ್ಕಳು ಅದನ್ನು ಓದಲಿ. ಬೇರೆ ಯಾವ ಕೈಪಿಡಿಯಲ್ಲೂ ಇಲ್ಲದ ಒಂದು ವಿಷಯ ಅವರಿಗೆ ಅಲ್ಲಿ ತಿಳಿಯುತ್ತದೆ: ಇದೇ ಬೆಂಚಿನಲ್ಲಿ ಕುಳಿತು, ಇದೇ ಭಾಷೆಯಲ್ಲಿ ಕಲಿತವರು ಎಲ್ಲೆಲ್ಲಿಗೆ ಹೋದರು, ಹೇಗೆ ಹೋದರು ಎಂಬುದು.

ಆ ಪುಸ್ತಕದ ಮೊದಲ ಪುಟವನ್ನು ನಾನು ಇಂದೇ ಬರೆದು ತಂದಿದ್ದೇನೆ. ನನ್ನ ಸೊಸೆಯ ಕಥೆ, ಅವಳ ಒಪ್ಪಿಗೆ ಪಡೆದು, ಅದರಲ್ಲಿದೆ. ಎರಡನೆಯ ಪುಟವನ್ನು ಅವಳೇ ಬರೆಯುತ್ತಾಳಂತೆ. ಮೂರನೆಯದು ನಿಮ್ಮಲ್ಲಿ ಯಾರದಾದರೂ ಆಗಲಿ.

ಮನೆಗೆ ಹೋದ ಮೇಲೆ ಹೆತ್ತವರು ಮಾಡಬೇಕಾದ ಕೆಲಸ ಒಂದೇ. ಇವತ್ತು ರಾತ್ರಿ ಊಟವಾದ ಮೇಲೆ ಮಗುವನ್ನು ಹತ್ತಿರ ಕುಳ್ಳಿರಿಸಿ, "ನಿನಗೆ ಯಾವುದು ಮಾಡುವಾಗ ಹೊತ್ತು ಹೋದದ್ದು ತಿಳಿಯುವುದಿಲ್ಲ?" ಎಂದು ಕೇಳಿ. ಉತ್ತರ ತಕ್ಷಣ ಬರದಿರಬಹುದು. ಬರುವವರೆಗೆ ಕಾಯುವ ತಾಳ್ಮೆ ನಮಗಿರಲಿ.